ಊಟದ ವೇಳೆ ಒಂದರಿಂದ ಎರಡು

ಜನವರಿ 30, 2002, ಬುಧವಾರ

ಈ ಡೈರಿ ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿ ದಲಾಲಿ ಮಾಡುವ ಅಡತಿಯವರು ಹೊಸ ವರ್ಷಕ್ಕೆ ಕೊಟ್ಟದ್ದು. ಮೊದಲ ಪುಟದಲ್ಲಿ ಗಣಪತಿ, ಕೊನೆಯ ಪುಟದಲ್ಲಿ ಅವರ ಅಂಗಡಿಯ ಫೋನ್ ನಂಬರುಗಳು. ತಿಂಗಳಿಡೀ ಖಾಲಿ ಬಿಟ್ಟು ಇವತ್ತು ಬರೆಯಲು ಕೂತಿದ್ದೇನೆ. ಹೆಂಡತಿ ಬಸವಣ್ಣೆವ್ವ ಮಗಳ ಬಾಣಂತನಕ್ಕೆಂದು ಸೊಲ್ಲಾಪುರಕ್ಕೆ ಹೋಗಿ ಹತ್ತು ದಿನವಾಯಿತು. ಪುಣೆಯ ಗುಲ್ಟೇಕಡಿಯ ಈ ಎರಡು ಖೋಲಿಯಲ್ಲಿ ಮಾತಾಡಲು ಗೋಡೆ ಬಿಟ್ಟರೆ ಯಾರೂ ಇಲ್ಲ. ಗೋಡೆಗಿಂತ ಕಾಗದ ವಾಸಿ. ಇಪ್ಪತ್ತಾರು ವರ್ಷ ಕಾಲೇಜಿನ ಕಚೇರಿಯಲ್ಲಿ ಕಾಗದ ತಿರುವಿದವನಿಗೆ ಅದೇ ಒಗ್ಗಿದ್ದು.

ಇವತ್ತು ಪ್ರಿನ್ಸಿಪಾಲರು ವಿಚಾರಣೆ ನಡೆಸಿದರು. ಎರಡನೆಯ ವರ್ಷದ ಮೆಕ್ಯಾನಿಕಲ್ ಹುಡುಗ ಸ್ವಪ್ನಿಲ್ ಕಳೆದ ಗುರುವಾರ ಹಾಸ್ಟೆಲಿನಲ್ಲಿ ತಾನಾಗಿ ಜೀವ ಕಳೆದುಕೊಂಡ. ಆ ದಿನ ಅವನು ಯಾರನ್ನಾದರೂ ಭೇಟಿಯಾಗಿದ್ದನೇ ಎಂದು ಒಬ್ಬೊಬ್ಬರನ್ನೇ ಕೇಳಿದರು. ಹಾಸ್ಟೆಲ್ ನೋಡಿಕೊಳ್ಳುವ ರೆಕ್ಟರ್ ಇಲ್ಲ ಅಂದ. ವರ್ಗದ ಮಾಸ್ತರು ಇಲ್ಲ ಅಂದರು. ನಾನೂ ಇಲ್ಲ ಅಂದೆ.

ಸುಳ್ಳಲ್ಲ ಅದು. ಭೇಟಿ ಎಂದರೆ ಎದುರುಬದುರು ಕೂತು ಮಾತಾಡುವುದು. ಅವನು ನನ್ನ ಕಿಟಕಿಗೆ ಬಂದದ್ದು ಸರಿಯಾಗಿ ಒಂದು ಗಂಟೆಗೆ. ಊಟದ ವೇಳೆ ಒಂದರಿಂದ ಎರಡು ಎಂದು ಬೋರ್ಡಿದೆ. ನಾನೇ ಬರೆಸಿ ಹಾಕಿದ ಬೋರ್ಡು. "ಕಾಕಾ, ಒಂದೇ ಮಿನಿಟು" ಅಂದ. "ಎರಡಕ್ಕೆ ಬಾ" ಅಂದು ಕಿಟಕಿಯ ಹಲಗೆ ಇಳಿಸಿದೆ. ಅವನು ಹೋದ. ಎರಡಕ್ಕೆ ಬರಲಿಲ್ಲ. ಇದನ್ನು ಯಾರಾದರೂ ಭೇಟಿ ಎನ್ನುತ್ತಾರೆಯೇ?

ಫೆಬ್ರುವರಿ 5, ಮಂಗಳವಾರ

ಹೊಸ ಆದೇಶ ಬಂದಿದೆ. ವಿದ್ಯಾರ್ಥಿಗಳಲ್ಲೇ ಮೂವತ್ತೊಂದು ಜನರನ್ನು ಆರಿಸಿ, ಸಾಯುವ ಯೋಚನೆಯಲ್ಲಿರುವ ಗೆಳೆಯರನ್ನು ಗುರುತಿಸಿ ಉಳಿಸುವ ತರಬೇತಿ ಕೊಡಬೇಕಂತೆ. ಐದು ಶನಿವಾರ. ಹೆಸರು ‘ಮಿತ್ರ ಪಥಕ’, ಅಂದರೆ ಗೆಳೆಯರ ದಳ. ಈ ಪುಣೆಯಲ್ಲಿ ಗಣಪತಿ ಹಬ್ಬಕ್ಕೆ ಢೋಲ್ ಪಥಕ, ಸಾಯುವವರಿಗೆ ಮಿತ್ರ ಪಥಕ. ಇನ್ನು ಮೆರವಣಿಗೆಯೊಂದು ಬಾಕಿ.

ಪ್ರಿನ್ಸಿಪಾಲರಿಗೆ ಬೇಕಾದದ್ದು ವಿಶ್ವವಿದ್ಯಾಲಯಕ್ಕೆ ಕಳಿಸಲು ಒಂದು ವರದಿ. ಹಾಜರಿ, ಟೈಪಿಂಗು, ವಡಾ-ಪಾವ್ ಹಂಚುವುದು ನನ್ನ ಪಾಲು. ಯಾಕೆಂದರೆ ಶನಿವಾರ ಮಧ್ಯಾಹ್ನ ಮನೆಯಲ್ಲಿ ನನಗಾಗಿ ಕಾಯುವವರು ಯಾರೂ ಇಲ್ಲವೆಂದು ಇಡೀ ಕಚೇರಿಗೆ ಗೊತ್ತು.

ಫೆಬ್ರುವರಿ 9, ಶನಿವಾರ

ಕಲಿಸಲು ಬಂದವರು ಚಿತ್ರಾ ಮೇಡಂ. ಉಡುಪಿಯ ಕಡೆಯವರು, ಮನೆಯವರದು ಊರಿನ ಕ್ಯಾಂಪ್ ಭಾಗದಲ್ಲಿ ಹಳೆಯ ಹೋಟೆಲು. ಹೋಟೆಲಿನವರು ಎಲ್ಲರಿಗೂ ನಗುತ್ತ ಬಡಿಸುತ್ತಾರೆ, ಇವರೂ ಹಾಗೇ ದುಃಖದ ಮಾತನ್ನು ನಗುತ್ತ ಬಡಿಸಿದರು. ನಾನು ಕನ್ನಡದವನೆಂದು ಗೊತ್ತಾದ ಮೇಲೆ, "ಅಯ್ಯೋ, ನೀವು ನಮ್ಮವ್ರೇ ಅಲ್ವಾ ಮಾರಾಯ್ರೆ" ಅಂದು ಟೈಪಿಂಗಿಗೆ ಇನ್ನೂ ಎರಡು ಹಾಳೆ ಕೊಟ್ಟರು.

ಒಂದು ಹಾಳೆಯಲ್ಲಿ ಐದು ಪಾಯರಿ, ಅಂದರೆ ಮೆಟ್ಟಿಲು. ನಮಸ್ಕರಿಸು. ಪಕ್ಕದಲ್ಲಿ ಕೂರು. ನಡುವೆ ಬಾಯಿ ಹಾಕದೆ ಕೇಳಿಸಿಕೊ. ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳು. ಒಬ್ಬರನ್ನೇ ಬಿಡದೆ ತಿಳಿದವರ ಬಳಿ ಕರೆದುಕೊಂಡು ಹೋಗು. ಇನ್ನೊಂದರಲ್ಲಿ ಲಕ್ಷಣಗಳ ಪಟ್ಟಿ: ಊಟ ನಿದ್ದೆ ತಪ್ಪುವುದು, ಬಟ್ಟೆಬರೆಯ ಕಡೆ ಲಕ್ಷ್ಯ ಇಲ್ಲದಿರುವುದು, ಪ್ರೀತಿಯ ವಸ್ತುಗಳನ್ನು ಬೇರೆಯವರಿಗೆ ಕೊಟ್ಟುಬಿಡುವುದು, ಉಳಿದ ಕೆಲಸಗಳನ್ನು ಅವಸರದಿಂದ ಮುಗಿಸುವುದು, ಬಹಳ ದಿನದ ಸಂಕಟದ ನಂತರ ಒಮ್ಮೆಲೇ ಶಾಂತವಾಗುವುದು. ಈ ಪಟ್ಟಿ ಹಿಡಿದು ಹೊರಟರೆ ಪುಣೆಯ ಅರ್ಧ ಗುಮಾಸ್ತರನ್ನು ಆಸ್ಪತ್ರೆಗೆ ಸೇರಿಸಬೇಕಾದೀತು.

ಡೈರಿ ಕೊಟ್ಟ, ನಮ್ಮ ಕಡೆಯವರೇ ಆದ ಅಡತಿಯವರ ಮಗಳು ಶೀತಲ್ ಕೂಡ ಆಯ್ಕೆಯಾಗಿದ್ದಾಳೆ, ಮೂರನೆಯ ವರ್ಷ ಕಂಪ್ಯೂಟರ್. ಯಾರ್ಡಿನ ಹರಾಜಿನ ಗದ್ದಲದಲ್ಲಿ ಬೆಳೆದ ಕಂಠ. "ನಾಲ್ಕನೇ ಮೆಟ್ಟಿಲಿನವರೆಗೆ ಯಾಕೆ ಕಾಯಬೇಕು? ಮೊದಲೇ ಕೇಳಿಬಿಟ್ಟರೆ ಏನಾಗುತ್ತದೆ?" ಎಂದು ಮರಾಠಿಯಲ್ಲಿ ಜಗಳಕ್ಕೇ ನಿಂತಳು. ಕೇಳಿದರೆ ಕೆಟ್ಟದ್ದಾಗುವುದಿಲ್ಲ, ಆದರೆ ಮೊದಲು ವಿಶ್ವಾಸ ಬರಬೇಕಮ್ಮ ಅಂದರು ಮೇಡಂ. ಶೀತಲ್ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ವಡಾ-ಪಾವಿನ ಎಣ್ಣೆ ಒರೆಸಿಕೊಂಡಳು. ನಾನು ಟೈಪು ಮಾಡಿದ ಹಾಳೆ.

ಫೆಬ್ರುವರಿ 10, ರವಿವಾರ

ಪಿಸಿಓದಿಂದ ಸೊಲ್ಲಾಪುರಕ್ಕೆ ಫೋನು ಮಾಡಿದೆ. "ಉಂಡ್ರೇನು?" ಅಂದಳು. ಉಂಡೆ ಅಂದೆ. ಖಾನಾವಳಿಯ ಡಬ್ಬಿ ಹಾಗೇ ಇದೆ. ಬೇಳೆ ನೀರಾಗಿತ್ತು.

ಫೆಬ್ರುವರಿ 16, ಶನಿವಾರ

ಇವತ್ತು ಅಭ್ಯಾಸ. ಒಬ್ಬರು ದುಃಖಿಯಾಗಬೇಕು, ಇನ್ನೊಬ್ಬರು ಮಿತ್ರ. ದುಃಖಿಯಾಗಿ ಕೂತವರೆಲ್ಲ ಹಲ್ಲು ಕಿಸಿದರು. ಮೂರು ಜೋಡಿ ಬದಲಾಯಿಸಿದರೂ ಅದೇ ಕಥೆ. ಬಾಗಿಲಲ್ಲಿ ನಿಂತಿದ್ದ ಕಚೇರಿಯ ಶಿಪಾಯಿ ಭುಜಂಗ, "ಮೇಡಂ, ನಮ್ಮ ಭಾವುಸಾಹೇಬರನ್ನು ಕೂರಿಸಿ. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ನಕ್ಕಿಲ್ಲ" ಅಂದ. ಈ ಊರಿನಲ್ಲಿ ಗುಮಾಸ್ತರೆಲ್ಲ ಭಾವುಸಾಹೇಬರೇ. ಎಲ್ಲರೂ ಹೋ ಎಂದರು.

"ನೀವೇ ಬನ್ನಿ ಈರಬಸಪ್ಪನವ್ರೇ. ಇವ್ರಿಗೆ ನಗೆ ತಡೀಲಿಕ್ಕೆ ಆಗುದಿಲ್ಲ. ನೀವು ಎಂತದಾದ್ರೂ ಒಂದು ಕಷ್ಟ ಹುಟ್ಟಿಸಿ ಹೇಳಿ, ಸಾಕು" ಅಂದರು ಮೇಡಂ.

ಹೋಗಿ ಕೂತೆ. ಮೊದಲನೆಯವನಿಗೆ ಬಡ್ತಿ ತಪ್ಪಿದ ಕಥೆ ಹೇಳಿದೆ. ಎರಡನೆಯವಳಿಗೆ ಹೆಂಡತಿ ಬಿಟ್ಟುಹೋದ ಕಥೆ. ಮೂರನೆಯವನ ಹೊತ್ತಿಗೆ ಕಥೆಗಳು ಮುಗಿದಿದ್ದವು. ಬಾಯಿಗೆ ಬಂದದ್ದು ಹೇಳಿದೆ: "ಒಬ್ಬರು ಸಹಾಯ ಕೇಳಿಕೊಂಡು ಬಂದಿದ್ದರು. ನಾನು ಕೊಡಲಿಲ್ಲ. ಈಗ ಅವರಿಲ್ಲ." ಹುಡುಗ ಪೆನ್ನು ಹಿಡಿದು ಮೂರನೆಯ ಮೆಟ್ಟಿಲಿಗೆ ಗುರುತು ಹಾಕಿಕೊಂಡ. ಮೇಡಂ ಚಪ್ಪಾಳೆ ತಟ್ಟಿ, "ಹೀಗೆ ಬೇಕು ನೋಡಿ ನಟನೆ" ಅಂದರು.

ಹೊಗಳಿಸಿಕೊಂಡು ಬಹಳ ವರ್ಷವಾಗಿತ್ತು. ಆದರೂ ಮನೆಗೆ ಬರುವಾಗ ಸೈಕಲ್ ತುಳಿಯಲಾಗದೆ ತಳ್ಳಿಕೊಂಡು ಬಂದೆ. ಮಂಡಿನೋವು.

ಫೆಬ್ರುವರಿ 19, ಮಂಗಳವಾರ

ಮೇಜಿನ ಖಾನೆ ಸ್ವಚ್ಛ ಮಾಡಿದೆ. ಆ ಅರ್ಜಿ ಅಲ್ಲೇ ಇದೆ.

ಕಿಟಕಿಯ ಹಲಗೆ ಪೂರ್ತಿ ಇಳಿಯುವುದಿಲ್ಲ, ಕೆಳಗೆ ಎರಡು ಬೆರಳು ಸಂದಿ ಉಳಿಯುತ್ತದೆ. ಅವತ್ತು ಸ್ವಪ್ನಿಲ್ ಆ ಸಂದಿಯಿಂದಲೇ ಕಾಗದವೊಂದನ್ನು ಒಳಗೆ ತಳ್ಳಿದ್ದ. ಕಾಲೇಜು ಬಿಡುವ ಸರ್ಟಿಫಿಕೇಟಿಗೆ ಅರ್ಜಿ. ಹೆಸರು, ವರ್ಗ, ರೋಲ್ ನಂಬರು ಎಲ್ಲ ಮುದ್ದಾದ ಅಕ್ಷರದಲ್ಲಿ. ‘ಬಿಡಲು ಕಾರಣ’ ಎಂಬ ಕಡೆ ಏನೂ ಬರೆದಿಲ್ಲ. ಅಪೂರ್ಣ ಅರ್ಜಿಯನ್ನು ಸ್ವೀಕರಿಸುವ ನಿಯಮವಿಲ್ಲ. ಆದ್ದರಿಂದ ಅದು ನನಗೆ ಬಂದಿಲ್ಲ ಎಂದೇ ಲೆಕ್ಕ.

ಅರ್ಜಿ ತಳ್ಳಿದ ಮೇಲೆ ಒಂದು ನಿಮಿಷ ನಿಂತಿದ್ದನೇನೋ. ಹೆಚ್ಚೆಂದರೆ ಎರಡು.

ಫೆಬ್ರುವರಿ 23, ಶನಿವಾರ

ಒಂಬತ್ತು ಜನರೆದುರು ದುಃಖಿಯಾದೆ. ಈಗ ಒಂದೇ ಕಥೆ ಹೇಳುತ್ತೇನೆ, ದಿನಕ್ಕಿಷ್ಟು ಸೇರಿಸಿ. ಬಂದವರು ಹೊರಗೆ ಹತ್ತು ನಿಮಿಷ ನಿಂತಿದ್ದರು ಅಂದೆ. ಹೇಳಬಾರದಿತ್ತು. ಆದರೆ ಯಾರಿಗೆ ಏನು ಗೊತ್ತಾಗಬೇಕು? ಎಲ್ಲರೂ ಗುರುತು ಹಾಕಿಕೊಳ್ಳುವುದರಲ್ಲಿದ್ದರು.

ಒಬ್ಬಳು ನನ್ನ ಕೈ ಹಿಡಿದುಕೊಂಡು, "ನಿಮ್ಮ ನೋವು ನನಗೆ ಅರ್ಥವಾಗುತ್ತದೆ" ಅಂದಳು. ಗಂಟೆ ಬಾರಿಸಿದ ಕೂಡಲೇ ಕೈ ಬಿಟ್ಟು, "ಮೇಡಂ, ಹಿಡಿದದ್ದಕ್ಕೆ ಹೆಚ್ಚಿನ ಮಾರ್ಕು ಇದೆಯಾ?" ಅಂತ ಕೇಳಿದಳು.

ಮಾರ್ಚ್ 4, ಸೋಮವಾರ

ಸೈಕಲ್ಲನ್ನು ಭುಜಂಗನಿಗೆ ಕೊಟ್ಟೆ. ಮಂಡಿನೋವಿಗೆ ಸೈಕಲ್ಲೇಕೆ? ಹತ್ತೊಂಬತ್ತು ವರ್ಷದ ಅಟ್ಲಾಸ್, ಇವತ್ತಿಗೂ ಹಿಂದಿನ ಚಕ್ರ ಸದ್ದು ಮಾಡುವುದಿಲ್ಲ. ಎಣ್ಣೆ ಹಾಕುವ ದಿನ ಯಾವುದೆಂದು ಹೇಳಿದೆ. ಅವನು ಕಾಲಿಗೆ ಬಿದ್ದ. ಏಳು ಮಾರಾಯ, ಅದೇನು ವಿಮಾನವೇ ಅಂದೆ.

ಕಿರಿಯ ಗುಮಾಸ್ತೆ ನೀತಾಳಿಗೆ ಕಡತಗಳ ಕೆಲಸ ಕಲಿಸಲು ಶುರು ಮಾಡಿದ್ದೇನೆ. ಪ್ರತಿ ಕೀಲಿಗೂ ಚೀಟಿ ಕಟ್ಟಿದೆ. ನಾಳೆ ಯಾರೂ ಈರಬಸಪ್ಪ ಕೆಲಸ ಅರ್ಧ ಬಿಟ್ಟ ಎನ್ನಬಾರದು.

ಮಾರ್ಚ್ 9, ಶನಿವಾರ

ಪರೀಕ್ಷೆ. ಒಬ್ಬೊಬ್ಬರೂ ನನ್ನೆದುರು ಐದು ನಿಮಿಷ ಕೂರಬೇಕು, ಮೆಟ್ಟಿಲಿಗೆ ಎರಡೆರಡು ಮಾರ್ಕು. ಮೂವತ್ತು ಜನ ನಮಸ್ಕರಿಸಿದರು, ಕೂತರು, ಕೇಳಿಸಿಕೊಂಡರು. ನಾಲ್ಕನೆಯ ಮೆಟ್ಟಿಲಿಗೆ ಬಂದಾಗ ಎಲ್ಲರೂ ಆ ಪ್ರಶ್ನೆಯನ್ನು ಗೋಡೆ ನೋಡಿ ಕೇಳಿದರು. ಹೌದು ಅಂದೆ. ಮೂವತ್ತು ಸಲ ಹೌದು ಅಂದೆ. ಮೂವತ್ತು ಸಲವೂ, "ಬನ್ನಿ, ತಿಳಿದವರ ಬಳಿ ಹೋಗೋಣ" ಎಂದು ಬಾಗಿಲ ತನಕ ಕರೆದೊಯ್ದು, ಅಲ್ಲಿಂದ ಹಿಂದೆ ತಂದು ಕೂರಿಸಿದರು.

ಕೊನೆಗೆ ಶೀತಲ್. ನಮಸ್ಕಾರ ಇಲ್ಲ, ಏನಿಲ್ಲ. ಕುರ್ಚಿ ಎಳೆದುಕೊಂಡು ಕನ್ನಡದಲ್ಲೇ ಶುರು ಮಾಡಿದಳು.

"ಕಾಕಾ, ಅಂಗಿ ಗುಂಡಿ ಒಂದಕ್ಕೊಂದು ತಪ್ಪಿ ಹಚ್ಚೀರಿ."

ನೋಡಿಕೊಂಡೆ. ಹೌದು.

"ನಾಕ್ ಶನಿವಾರ ನೋಡಾಕತ್ತೀನಿ. ಡಬ್ಬಿ ತುಂಬಿದ್ದು ತುಂಬಿದಂಗ ಮನಿಗೆ ಒಯ್ತೀರಿ. ಸೈಕಲ್ ಭುಜಂಗ ಹೊಡ್ಯಾಕತ್ತಾನ. ಸಾಯೂ ವಿಚಾರ ಬರ್ತದೇನ್ರಿ ನಿಮಗ?"

ಮೂವತ್ತು ಜನರಿಗೆ ಹೌದು ಅಂದ ಬಾಯಿ ಅವಳೆದುರು ಕಟ್ಟಿಕೊಂಡಿತು. ಅವಳು ಗೋಡೆ ನೋಡುತ್ತಿರಲಿಲ್ಲ. ತಿರುಗಿ ಮರಾಠಿಯಲ್ಲಿ ಮೇಡಮ್ಮಿಗೆ, "ಇವರು ನಟನೆ ಮಾಡುತ್ತಿಲ್ಲ. ಪರೀಕ್ಷೆ ನಿಲ್ಲಿಸಿ" ಅಂದಳು.

ಇಡೀ ಕೋಣೆ ನಕ್ಕಿತು. ಮೇಡಂ ಮಾತ್ರ ನಗಲಿಲ್ಲ. "ಹೌದಾ ಈರಬಸಪ್ಪನವ್ರೇ?" ಎಂದು ಹತ್ತಿರ ಬಂದರು.

"ನಟನಿ ಅಲ್ದ ಮತ್ತೇನ್ರಿ ಮೇಡಂ? ಖರೇ ದುಃಖ ಇದ್ದಾವ ಇಲ್ಲಿ ಕುಂತು ವಡಾ-ಪಾವ್ ಹಂಚ್ತಿದ್ನೇನು?" ಅಂದು ನಕ್ಕೆ. ಭಾವುಸಾಹೇಬ ನಕ್ಕ ಎಂದು ಭುಜಂಗ ಬಾಗಿಲಲ್ಲಿ ಕುಣಿದ. ಮೇಡಮ್ಮಿನ ಮುಖ ಹಗುರಾಯಿತು. ಶೀತಲ್ ಒಬ್ಬಳೇ ಎದ್ದು ಹೋದಳು, ಹಾಜರಿ ಹಾಳೆಗೆ ಸಹಿ ಕೂಡ ಮಾಡದೆ.

ಮಾರ್ಚ್ 11, ಸೋಮವಾರ

ಫಲಿತಾಂಶ ಟೈಪು ಮಾಡಿದೆ. ಮೂವತ್ತು ಪಾಸು, ಒಂದು ನಾಪಾಸು. ಶೀತಲ್ ಹೆಸರಿನ ಮುಂದೆ ಕಾರಣವೂ ಬರೆಯಬೇಕಿತ್ತು: ಕ್ರಮ ಪಾಲಿಸಲಿಲ್ಲ, ಅಭ್ಯಾಸವನ್ನು ನಿಜವೆಂದು ಭಾವಿಸಿದರು. ಈ ವಾಕ್ಯ ಟೈಪು ಮಾಡುವಾಗ ಮೂರು ಸಲ ತಪ್ಪಿತು. ಹಾಳೆ ಬದಲಿಸಿ ನಾಲ್ಕನೆಯ ಸಲ ಸರಿಮಾಡಿದೆ.

ಅವಳು ನಾಪಾಸಾಗಲು ನಾನು ಹೇಳಿದ ಒಂದು ಮಾತು ಸಾಕಾಯಿತು. ಸ್ವಪ್ನಿಲನನ್ನು ಸಾಗಹಾಕಲು ‘ಎರಡಕ್ಕೆ ಬಾ’ ಎಂಬ ಎರಡು ಮಾತು ಬೇಕಾಗಿತ್ತು. ಕೆಲಸ ಕೈಗೆ ಹತ್ತುತ್ತಿದೆ.

ಮಾರ್ಚ್ 12, ಮಂಗಳವಾರ, ಶಿವರಾತ್ರಿ

ಒಳ್ಳೆಯ ಹಬ್ಬ. ಊಟ ಯಾಕೆ ಮಾಡಲಿಲ್ಲ ಎಂದು ಯಾರೂ ಕೇಳುವುದಿಲ್ಲ.

ಸೊಲ್ಲಾಪುರಕ್ಕೆ ಫೋನು. ಮೊಮ್ಮಗು ನಕ್ಕಿತಂತೆ. ರೇಷನ್ ಕಾರ್ಡು, ಮನೆಯ ಕಾಗದ ಯಾವ ಟ್ರಂಕಿನಲ್ಲಿವೆ ಎಂದು ಬಸವಣ್ಣೆವ್ವನಿಗೆ ಹೇಳಿದೆ. "ಈಗ್ಯಾಕ ಅದು?" ಅಂದಳು. ಮರೆತುಬಿಡುತ್ತೇನೆ, ಅದಕ್ಕೆ ಅಂದೆ. ಆ ಕಡೆ ಮಗು ಅತ್ತಿತು, ಅವಳು ಫೋನು ಇಟ್ಟಳು.

ಮಾರ್ಚ್ 13, ಬುಧವಾರ

ಸರ್ಟಿಫಿಕೇಟು ಹಂಚುವ ಸಮಾರಂಭ. ವಿಶ್ವವಿದ್ಯಾಲಯದಿಂದ ಒಬ್ಬರು, ಪತ್ರಿಕೆಯಿಂದ ಒಬ್ಬರು. ಮೂವತ್ತು ಮಿತ್ರರಿಗೆ ಎದೆಗೆ ಚುಚ್ಚಿಕೊಳ್ಳುವ ಹಳದಿ ಬಿಲ್ಲೆ. ಕೊನೆಗೆ ನನ್ನನ್ನೂ ವೇದಿಕೆಗೆ ಕರೆದರು. ಇಲ್ಲಿಯ ಪದ್ಧತಿಯಂತೆ ಶಾಲು ಹೊದಿಸಿ ಕೈಗೆ ತೆಂಗಿನಕಾಯಿ ಕೊಟ್ಟರು. ದುಃಖಿಯ ಪಾತ್ರವನ್ನು ಸಹಜವಾಗಿ ಅಭಿನಯಿಸಿದ್ದಕ್ಕೆ ಒಂದು ಪ್ರಶಸ್ತಿಪತ್ರ. ಪ್ರಿನ್ಸಿಪಾಲರು ನನ್ನ ಬೆನ್ನು ತಟ್ಟಿ, "ಹೀಗೆಯೇ ಮುಂದುವರಿಸಿ" ಅಂದರು.

ಮೂವತ್ತು ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಲಕ್ಷಣಗಳ ಪಟ್ಟಿ ಬಾಯಿಪಾಠ ಮಾಡಿ ಹತ್ತಕ್ಕೆ ಹತ್ತು ತೆಗೆದವರು. ಬೆಳಕಿಗೆ ನಿಂತ ನನ್ನನ್ನು ಮೂವತ್ತು ಜನವೂ ನೋಡಿದರು. ಯಾರಿಗೂ ಏನೂ ಕಾಣಲಿಲ್ಲ. ಮಕ್ಕಳನ್ನು ಏನು ಬೈಯುವುದು, ನಾನೂ ಒಬ್ಬನನ್ನು ನೋಡಿದ್ದೆನಲ್ಲ.

ತೆಂಗಿನಕಾಯಿ ನೀತಾಳಿಗೆ ಕೊಟ್ಟೆ. ಶಾಲು ಭುಜಂಗನ ತಾಯಿಗೆ.

ಮಾರ್ಚ್ 14, ಗುರುವಾರ

ಇವತ್ತು ಮನಸ್ಸು ಬಹಳ ಹಗುರ. ನಿನ್ನೆ ಚೆನ್ನಾಗಿ ನಿದ್ದೆ ಬಂತು. ಕಡತಗಳೆಲ್ಲ ಮುಗಿದವು. ನಾಳೆ ಅರ್ಧ ದಿನ ರಜೆ ಬರೆದುಕೊಟ್ಟಿದ್ದೇನೆ. ಒಂದಕ್ಕೆ ಹಲಗೆ ಇಳಿಸಿದರೆ ಮುಗಿಯಿತು.

ಮಾರ್ಚ್ 17, ರವಿವಾರ

ಶುಕ್ರವಾರದ್ದನ್ನು ಇವತ್ತು ಬರೆಯುತ್ತಿದ್ದೇನೆ. ಬಸವಣ್ಣೆವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಾಳೆ. ಐದೈದು ನಿಮಿಷಕ್ಕೆ ಬಂದು ನೋಡಿ ಹೋಗುತ್ತಾಳೆ.

ಶುಕ್ರವಾರ ಒಂದಾಗಲು ಎರಡು ನಿಮಿಷವಿತ್ತು. ಸಾಲಿನಲ್ಲಿದ್ದವರನ್ನೆಲ್ಲ ಮುಗಿಸಿ ಹಲಗೆಗೆ ಕೈ ಹಾಕಿದೆ. ಎಲ್ಲಿಂದ ಬಂದಳೋ ಶೀತಲ್, ಕಿಟಕಿಯ ಕಟ್ಟೆಯ ಮೇಲೆ ಹಲಗೆಯ ನೇರ ಕೆಳಗೆ ಅಂಗೈ ಊರಿ ನಿಂತಳು.

"ಕೈ ತಗಿ," ಅಂದೆ.

"ನಾ ಯಾಕ್ ನಾಪಾಸ್ ಅಂತ ಕೇಳಾಕ ಬಂದೀನಿ."

"ಎರಡಕ್ಕ ಬಾ."

"ಎರಡಕ್ಕ ನೀವ್ ಇರ್ತೀರೇನು?"

ಈ ಪ್ರಶ್ನೆಗೆ ಕಚೇರಿಯಲ್ಲಿ ಉತ್ತರವಿದೆ. ಶುಕ್ರವಾರ ಭಾವುಸಾಹೇಬರಿಗೆ ಅರ್ಧ ದಿನ ರಜೆ, ನೀತಾ ಇರುತ್ತಾಳೆ. ಅಷ್ಟು ಹೇಳಿದ್ದರೆ ಆಗುತ್ತಿತ್ತು. ಆದರೆ ನನ್ನ ಕಣ್ಣು ಅವಳ ಬೆರಳುಗಳ ಮೇಲಿತ್ತು. ಜನವರಿಯಲ್ಲಿ ಅದೇ ಜಾಗದಲ್ಲಿ ಬೇರೆ ಬೆರಳುಗಳಿದ್ದವು.

"ಗೊತ್ತಿಲ್ಲ," ಅಂದೆ. ನನ್ನ ದನಿ ಕೇಳಿ ನನಗೇ ಹೆದರಿಕೆಯಾಯಿತು.

ಅವಳು ಕೈ ತೆಗೆಯಲಿಲ್ಲ. ಇನ್ನೊಂದು ಕೈಯಿಂದ ಭುಜಂಗನನ್ನು ಕರೆದು, ಅವನ ಕೈಯನ್ನು ಅಲ್ಲಿ ಊರಿಸಿ, ಸುತ್ತು ಹಾಕಿ ಕಚೇರಿಯ ಬಾಗಿಲಿನಿಂದ ಒಳಗೆ ಬಂದಳು. ವಿದ್ಯಾರ್ಥಿಗಳಿಗೆ ಪ್ರವೇಶವಿಲ್ಲ ಎಂದು ಅಲ್ಲಿ ಇನ್ನೊಂದು ಬೋರ್ಡಿದೆ, ಅದೂ ನಾನೇ ಬರೆಸಿದ್ದು. ನೀತಾಳ ಕುರ್ಚಿಯಲ್ಲಿ ಕೂತಳು. 

"ಸಾಯೂ ವಿಚಾರ ಮಾಡೀರಿ, ಹೌದಿಲ್ಲೋ?"

"ಹೌದವಾ."

"ಇವತ್ತ?"

"ಇವತ್ತ."

ಅವಳು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ, "ಐದನೇ ಪಾಯರಿ ಏನ್ರಿ ಕಾಕಾ? ಆ ಹಾಳಿ ನಾ ವಡಾ-ಪಾವ್ ತಿಂದು ಒಗದೀನಿ," ಅಂದಳು.

"ಒಬ್ಬರನ್ನೇ ಬಿಡಬಾರದು. ತಿಳಿದವರ ಬಳಿ ಕರೆದುಕೊಂಡು ಹೋಗಬೇಕು," ಎಂದು ಟೈಪು ಮಾಡಿದ್ದನ್ನು ಒಪ್ಪಿಸಿದೆ.

"ಹಂಗಾರ ಏಳ್ರಿ."

ಏಳುವ ಮೊದಲು ಖಾನೆ ತೆರೆದು ಅರ್ಜಿಯನ್ನು ಅವಳ ಮುಂದಿಟ್ಟೆ. ಎಲ್ಲ ಹೇಳಿದೆ. ಒಂದು ನಿಮಿಷ ಅಲ್ಲ, ಎರಡಲ್ಲ, ಹತ್ತೂ ಅಲ್ಲ. ಮೂವತ್ತೈದು ನಿಮಿಷ ಸ್ವಪ್ನಿಲ್ ಆ ಕಿಟಕಿಯ ಹೊರಗೆ ನಿಂತಿದ್ದ. ಸಂದಿಯಲ್ಲಿ ಅವನ ನಾಲ್ಕು ಬೆರಳು ಕಾಣುತ್ತಿದ್ದವು. ನಾನು ಒಳಗೆ ಆ ಬೆರಳುಗಳನ್ನು ನೋಡುತ್ತ ಡಬ್ಬಿ ಬಿಚ್ಚಿ ಉಂಡೆ, ಕೈ ತೊಳೆದೆ, ಪತ್ರಿಕೆ ಓದಿದೆ. ಒಂದು ಮೂವತ್ತೈದಕ್ಕೆ ಬೆರಳುಗಳು ಹೋದವು. ಮೊಂಡ ಹುಡುಗ, ಅಂತೂ ಹೋದ ಅಂದುಕೊಂಡೆ.

ನಿಮ್ಮದೇನೂ ತಪ್ಪಿಲ್ಲ ಎಂದು ಅವಳು ಹೇಳುತ್ತಾಳೆ ಅಂದುಕೊಂಡಿದ್ದೆ. ಆ ಮೂವತ್ತು ಜನ ಹಾಗೇ ಹೇಳಿದ್ದರು. ಶೀತಲ್ ಅರ್ಜಿಯನ್ನು ಎರಡು ಸಲ ಓದಿದಳು.

"ತಪ್ಪ ಅದ ಕಾಕಾ. ಸಣ್ಣ ತಪ್ಪಲ್ಲ," ಅಂದಳು. "ಆದ್ರ ಅಂವಾ ಇಲ್ಲಿ ಬಂದಿದ್ದ ಅಂತ ಗೊತ್ತಿರೂದು ನಿಮಗೊಬ್ಬರಿಗೇ. ನೀವೂ ಹೋದ್ರ ಅವರಪ್ಪಗ ಯಾರ್ ಹೇಳ್ಬೇಕು?"

ಆಗ ಅತ್ತೆ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಊಟದ ವೇಳೆಯಲ್ಲಿ ಕಿಟಕಿ ತೆರೆದಿತ್ತು. ಹೊರಗೆ ನಾಲ್ಕಾರು ಹುಡುಗರು ನೋಡುತ್ತ ನಿಂತಿದ್ದರು. ಒಬ್ಬನ ಎದೆಯ ಮೇಲೆ ಹಳದಿ ಬಿಲ್ಲೆಯೂ ಇತ್ತು.

ಶೀತಲ್ ಫೋನು ಮಾಡಿದ ಕೂಡಲೇ ಮೇಡಂ ರಿಕ್ಷಾ ಹಿಡಿದು ಕ್ಯಾಂಪಿನಿಂದ ಓಡಿ ಬಂದರು. ಆಸ್ಪತ್ರೆಯಲ್ಲಿ ಡಾಕ್ಟರು ಒಂದೂವರೆ ತಾಸು ಮಾತಾಡಿದರು, ಗುಳಿಗೆ ಕೊಟ್ಟರು, ಒಬ್ಬನೇ ಇರಕೂಡದು ಅಂದರು. ಅವತ್ತು ಭುಜಂಗ ನನ್ನ ಜೊತೆಗಿದ್ದ. ಹೊರಗಿನ ಮೆಟ್ಟಿಲ ಮೇಲೆ ಮೇಡಂ ತಲೆ ತಗ್ಗಿಸಿ, "ನನ್ನ ಕಣ್ಣೆದುರೇ ಇದ್ರಲ್ಲ. ನಾನು ನಿಮ್ಗೆ ಚಪ್ಪಾಳೆ ಹೊಡೆಸಿದೆ," ಅಂದರು. ಸಮಾಧಾನ ಹೇಳಬೇಕೆನ್ನಿಸಲಿಲ್ಲ, ಹೇಳಲಿಲ್ಲ.

ಸುದ್ದಿ ತಿಳಿದು ಶನಿವಾರ ಬೆಳಗಿನ ಗಾಡಿಗೆ ಬಸವಣ್ಣೆವ್ವ ಬಂದಳು. ಚೀಲ ಕೆಳಗಿಡುವ ಮೊದಲೇ, "ಉಂಡೀನಿ ಉಂಡೀನಿ ಅಂತ ವಾರಾ ವಾರಾ ಸುಳ್ಳ ಹೇಳಿದ್ರಿ. ಇನ್ ಮ್ಯಾಲ ನನ್ ಮುಂದ ಕುಂತು ಉಣ್ರಿ," ಅಂದಳು. ಕೂತು ಉಂಡೆ. ರುಚಿ ತಿಳಿಯಲಿಲ್ಲ.

ಮಾರ್ಚ್ 22, ಶುಕ್ರವಾರ

ಪ್ರಿನ್ಸಿಪಾಲರಿಗೆ ನಿಜ ಹೇಳಿದೆ. ಬಾಗಿಲು ಹಾಕಿಸಿ ಕೇಳಿದರು. "ವಿಚಾರಣೆ ಮುಗಿದಿದೆ. ನೀವು ಇದನ್ನು ಬರೆದು ಕೊಡಬೇಡಿ," ಅಂದರು. ಬರೆದದ್ದನ್ನು ಮೇಜಿನ ಮೇಲಿಟ್ಟೆ. ಅದನ್ನು ಬೆರಳ ತುದಿಯಿಂದ ನನ್ನ ಕಡೆ ತಳ್ಳಿದರು.

ಶೀತಲ್‌ಳನ್ನು ಪಾಸು ಮಾಡಬೇಕೆಂದು ಚಿತ್ರಾ ಮೇಡಂ ಅರ್ಜಿ ಕೊಟ್ಟಿದ್ದರು. ಪಟ್ಟಿ ವಿಶ್ವವಿದ್ಯಾಲಯಕ್ಕೆ ಹೋಗಿಯಾಗಿದೆ, ತಿದ್ದಲು ಬರುವುದಿಲ್ಲವಂತೆ. ವರದಿಯ ಕೊನೆಯ ಸಾಲು: ತರಬೇತಿಯ ಅವಧಿಯಲ್ಲಿ ಅಪಾಯದಲ್ಲಿರುವ ಯಾರೂ ಕಂಡುಬರಲಿಲ್ಲ.

ಕಚೇರಿಯ ಪ್ರತಿಯಲ್ಲಿ ಶೀತಲ್ ಹೆಸರಿನ ಮುಂದಿನ ‘ನಾಪಾಸು’ ಹೊಡೆದುಹಾಕಿ ಸಹಿ ಮಾಡಿದೆ. ಗುಮಾಸ್ತನಿಗೆ ಆ ಅಧಿಕಾರವಿಲ್ಲ. ಗೊತ್ತಾದರೆ ನೋಟೀಸು ಕೊಡಲಿ.

ಮಾರ್ಚ್ 31, ರವಿವಾರ

ರಾಂಜಣಗಾಂವಕ್ಕೆ ಹೋಗಿದ್ದೆವು. ನಾನು, ಬಸವಣ್ಣೆವ್ವ, ಶೀತಲ್. ಸ್ವಪ್ನಿಲನ ತಂದೆ ಅಲ್ಲಿಯ ಕಾರ್ಖಾನೆಯಲ್ಲಿ ಫಿಟ್ಟರ್. ಹೋಗಬಹುದೇ ಎಂದು ಡಾಕ್ಟರನ್ನು ಕೇಳಿಯೇ ಹೊರಟಿದ್ದೆ. ಒಬ್ಬರೇ ಹೋಗಬೇಡಿ, ಬಂದ ಮೇಲೆ ನನಗೆ ಫೋನು ಮಾಡಿ ಅಂದಿದ್ದರು.

ಗಣಪತಿ ಗುಡಿಗೆ ಹೋಗುವ ಜನರ ನಡುವೆ ದಾರಿ ಕೇಳುತ್ತ ಮನೆ ಹಿಡಿದೆವು. ಕಾಲೇಜಿನವರೆಂದು ಹೇಳಿದಾಗ ಆತ ಒಳಗೆ ಕರೆಯಲಿಲ್ಲ, ಹೊಸ್ತಿಲಲ್ಲೇ ನಿಂತರು. ನನ್ನ ವಯಸ್ಸಿನವರೇ. ಅರ್ಜಿ ಕೊಟ್ಟೆ. ಮಗನ ಅಕ್ಷರ ನೋಡಿ ಬೆರಳಿನಿಂದ ಸವರಿದರು. ನಾನು ಮರಾಠಿಯಲ್ಲಿ ಎಲ್ಲ ಹೇಳಿದೆ. ನಡುವೆ ಒಮ್ಮೆಯೂ ಬಾಯಿ ಹಾಕಲಿಲ್ಲ ಆತ.

ಹೇಳಿ ಮುಗಿದ ಮೇಲೆ ಒಂದೇ ಕೇಳಿದರು: "ಎಷ್ಟು ಹೊತ್ತು ನಿಂತಿದ್ದ?"

"ಮೂವತ್ತೈದು ನಿಮಿಷ."

ಆತ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗಿನಿಂದ ಹೆಂಗಸೊಬ್ಬಳು ಯಾರೆಂದು ಕೇಳಿದ್ದು ಕೇಳಿಸಿತು. ಉತ್ತರ ಕೇಳಿಸಲಿಲ್ಲ.

"ಬಸ್ಸಿಗೆ ಹೊತ್ತಾತು ಕಾಕಾ," ಅಂದಳು ಶೀತಲ್.

"ನೀವಿಬ್ರೂ ನೆರಳಿಗೆ ನಿಲ್ರಿ," ಅಂದೆ.

ಬಿಸಿಲಲ್ಲಿ ಬಾಗಿಲೆದುರು ನಿಂತೆ. ಬಡಿಯಲಿಲ್ಲ, 'ಒಂದೇ ಮಿನಿಟು' ಅನ್ನಲಿಲ್ಲ. ಮೂವತ್ತೈದು ನಿಮಿಷ ಎಷ್ಟು ಉದ್ದವೆಂದು ಒಳಗೆ ಕೂತು ಉಣ್ಣುವವನಿಗೆ ತಿಳಿಯುವುದಿಲ್ಲ. ಬಸವಣ್ಣೆವ್ವ ನೆರಳಿಗೆ ಹೋಗದೆ ಸ್ವಲ್ಪ ದೂರದಲ್ಲಿ ಸೆರಗು ತಲೆಗೆ ಹಾಕಿಕೊಂಡು ನಿಂತೇ ಇದ್ದಳು. ಬಾಗಿಲು ತೆರೆಯಲಿಲ್ಲ.

ಮಂಗಳವಾರ ಡಾಕ್ಟರ ಬಳಿ ಹೋಗಬೇಕು. ಮುಂದಿನ ರವಿವಾರ ಮತ್ತೆ ಬರುತ್ತೇನೆಂದು ಆ ಬಾಗಿಲಿಗೆ ಹೇಳಿ ಬಂದಿದ್ದೇನೆ.